ತಿರ್ಯಂಚಭಾವವೂ ವಿದ್ಯಾಶಾಲೆಯ ಧರ್ಮವೂ

ಜೀವವು ಅನಾದಿಕಾಲದಿಂದ ದೇವ, ಮನುಷ್ಯ, ತಿರ್ಯಂಚ, ನಾರಕ ಎಂಬ ನಾಲ್ಕು ಗತಿಗಳಲ್ಲಿ ಸುತ್ತುತ್ತಿದೆ ಎಂಬುದು ಜಿನಧರ್ಮದ ಮೊದಲ ಪಾಠಗಳಲ್ಲೊಂದು. ಜೈನ ಪಾಠಶಾಲೆಗೆ ಹೋದ ಮಗು ಇದನ್ನು ಎಂಟು ವರ್ಷ ತುಂಬುವಷ್ಟರಲ್ಲಿ ಕಂಠಪಾಠ ಮಾಡಿರುತ್ತದೆ. ಆದರೆ ಮನುಷ್ಯಗತಿಯಲ್ಲಿ ಹುಟ್ಟಿದ ಬಾಲಕನೊಬ್ಬನು ‘ನಾನು ಮನುಷ್ಯನಲ್ಲ, ಬೆಕ್ಕು’ ಎಂದರೆ, ಅಥವಾ ಬಾಲಕಿಯೊಬ್ಬಳು ‘ನನ್ನೊಳಗಿರುವುದು ತೋಳ’ ಎಂದರೆ, ಗುರುಗಳೂ ತಾಯಿತಂದೆಗಳೂ ಏನು ಮಾಡತಕ್ಕದ್ದು? ಹಿಂದಿನ ತಲೆಮಾರಿಗೆ ಈ ಪ್ರಶ್ನೆ ಹಾಸ್ಯವಾಗಿ ತೋರುತ್ತಿತ್ತು. ಇಂದು ಇಂಗ್ಲೆಂಡು, ಅಮೆರಿಕಗಳ ಶಾಲೆಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಇದು ಚರ್ಚೆಯ ವಿಷಯವಾಗಿದೆ. ಕೈದೂರವಾಣಿಯ ಮೂಲಕ ಅದರ ಸುದ್ದಿ ರಾಯಚೂರು, ಮಾನ್ವಿ, ದೇವದುರ್ಗಗಳ ಮನೆಗಳಿಗೂ ಬಂದು ಮುಟ್ಟುತ್ತಿದೆ. ಸುದ್ದಿಯನ್ನು ಕೇಳಿದ ಹಿರಿಯರು ನಗುತ್ತಾರೆ, ಇಲ್ಲವೆ ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಡುತ್ತಾರೆ.

ನಗುವುದರಿಂದಾಗಲಿ ನಿಟ್ಟುಸಿರಿನಿಂದಾಗಲಿ ಪ್ರಶ್ನೆಗೆ ಉತ್ತರ ದೊರೆಯದು. ‘ನಾನು ಯಾರು’ ಎಂಬುದು ಮಗುವಿನ ಬಾಯಲ್ಲಿ ಬಂದರೂ ಅದು ಜೈನದರ್ಶನದ ಹೃದಯದಲ್ಲಿರುವ ಪ್ರಶ್ನೆಯೇ ಆಗಿದೆ. ಅನೇಕ ಮಂದಿರದ ಟ್ರಸ್ಟುಗಳು ಶಾಲೆ, ವಿದ್ಯಾರ್ಥಿನಿಲಯ, ಪಾಠಶಾಲೆಗಳನ್ನು ನಡೆಸುತ್ತಿರುವುದರಿಂದ ಉತ್ತರದ ಹೊಣೆಯೂ ಅವುಗಳ ಮೇಲೆ ಬೀಳುತ್ತದೆ.

ವಿಷಯದ ಸ್ವರೂಪ

ಮೊದಲು ವಿಷಯವನ್ನು ವಿಂಗಡಿಸಿ ತಿಳಿಯಬೇಕು. ತಾವು ಅಂತರಂಗದಲ್ಲಿ ಯಾವುದೋ ಒಂದು ಪ್ರಾಣಿಯೆಂದು ಭಾವಿಸುವವರನ್ನು ಪಾಶ್ಚಾತ್ಯರು ‘ಥೇರಿಯನ್’ ಎನ್ನುತ್ತಾರೆ. ಕಾಡುಮೃಗವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಈ ಹೆಸರು 1990ರ ದಶಕದಲ್ಲಿ ಬಳಕೆಗೆ ಬಂದಿತು. ಇವರಲ್ಲಿ ಬಹುಮಂದಿ ತಮ್ಮ ದೇಹ ಮನುಷ್ಯನದೆಂಬುದನ್ನು ಅಲ್ಲಗಳೆಯುವುದಿಲ್ಲ. ಮನಸ್ಸಿನ ಒಲವು ಪ್ರಾಣಿಯದೆಂದು ಮಾತ್ರ ಹೇಳುತ್ತಾರೆ. ‘ಫರ್ರಿ’ ಎನ್ನಿಸಿಕೊಳ್ಳುವವರು ಬೇರೆ. ಪ್ರಾಣಿಗಳ ಮುಖವಾಡ, ಉಡುಪು, ಚಿತ್ರಕಥೆಗಳನ್ನು ಮೆಚ್ಚಿ ಕೂಡಿ ಆಡುವುದು ಅವರಿಗೆ ವಿನೋದ. ಇವೆರಡಕ್ಕಿಂತಲೂ ಭಿನ್ನವಾಗಿ, ತನ್ನ ದೇಹವೇ ಮೃಗವಾಗಿ ಮಾರ್ಪಟ್ಟಿದೆಯೆಂದು ದೃಢವಾಗಿ ನಂಬುವ ಭ್ರಮೆಯನ್ನು ಮನೋವೈದ್ಯರು ಬಹು ಅಪರೂಪದ ರೋಗಲಕ್ಷಣವೆಂದು ಗುರುತಿಸಿದ್ದಾರೆ.

ಹೀಗೆ ಒಂದು ಆಟ, ಇನ್ನೊಂದು ಭಾವ, ಮತ್ತೊಂದು ರೋಗ. ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದು ವಿವೇಕವಲ್ಲ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಕುಳಿತ ವರ್ತಕನು ಚೀಲ ಬಿಚ್ಚಿ ನೋಡದೆ ಮಾಲಿನ ದರ ಹೇಳುವುದಿಲ್ಲ. ಹತ್ತಿಯ ದರವನ್ನು ಭತ್ತಕ್ಕೆ ಕಟ್ಟುವುದೂ ಇಲ್ಲ. ಮಾಲಿನ ವಿಷಯದಲ್ಲಿ ತೋರುವ ಈ ಎಚ್ಚರ ಮಗುವಿನ ವಿಷಯದಲ್ಲಿ ಇಲ್ಲದೆ ಹೋಗಬಾರದು. ಐದು ವರ್ಷದ ಮಗು ಮಂಡಿಯೂರಿ ‘ಮಿಯಾಂವ್’ ಎಂದರೆ ಅದು ಬಾಲಲೀಲೆ. ಹದಿಮೂರು ವರ್ಷದ ಬಾಲಕಿ ತಿಂಗಳುಗಟ್ಟಲೆ ಸಹಪಾಠಿಗಳಿಂದ ದೂರವಾಗಿ, ಮನುಷ್ಯರ ಮಾತೇ ಬೇಡವೆಂದು ಮೌನವಾದರೆ ಅದರ ಹಿಂದೆ ಬೇರೊಂದು ನೋವಿರಬಹುದು.

ಗಾಳಿಮಾತು ಮತ್ತು ಸತ್ಯವ್ರತ

ಪಾಶ್ಚಾತ್ಯ ದೇಶಗಳಲ್ಲಿ ಈ ವಿಷಯ ಬೆಳೆದ ಬಗೆ ಶ್ರಾವಕರಿಗೆ ಒಂದು ಎಚ್ಚರಿಕೆಯಾಗಿದೆ. ಅಮೆರಿಕದ ಮಿಶಿಗನ್ ರಾಜ್ಯದ ಮಿಡ್‌ಲ್ಯಾಂಡ್ ಎಂಬ ಊರಿನಲ್ಲಿ, ಬೆಕ್ಕೆಂದು ಹೇಳಿಕೊಳ್ಳುವ ವಿದ್ಯಾರ್ಥಿಗಳಿಗಾಗಿ ಶಾಲೆಯ ಶೌಚಾಲಯದಲ್ಲಿ ಬೆಕ್ಕಿನ ಮಣ್ಣುತಟ್ಟೆ ಇಟ್ಟಿದ್ದಾರೆಂಬ ಮಾತು 2021ರ ಡಿಸೆಂಬರಿನಲ್ಲಿ ಶಾಲಾಮಂಡಳಿಯ ಸಭೆಯಲ್ಲಿ ಕೇಳಿಬಂದಿತು. ಮರುತಿಂಗಳು ಶಾಲೆಗಳ ಮುಖ್ಯಾಧಿಕಾರಿ ಅದು ಸಂಪೂರ್ಣ ಸುಳ್ಳೆಂದು ಬರೆದು ತಿಳಿಸಬೇಕಾಯಿತು. 2022ರ ಮಾರ್ಚಿನಲ್ಲಿ ನೆಬ್ರಾಸ್ಕ ರಾಜ್ಯದ ಶಾಸಕ ಬ್ರೂಸ್ ಬಾಸ್ಟಲ್‌ಮನ್ ಇಂಥದೇ ಮಾತನ್ನು ಸದನದಲ್ಲಿ ಆಡಿ, ವಿಚಾರಿಸಿದಾಗ ಆಧಾರವಿಲ್ಲವೆಂದು ತಿಳಿದು ಅದೇ ದಿನ ಕ್ಷಮೆ ಕೇಳಿದರು.

2023ರ ಜೂನಿನಲ್ಲಿ ಇಂಗ್ಲೆಂಡಿನ ಪೂರ್ವ ಸಸೆಕ್ಸಿನ ರೈ ಕಾಲೇಜಿನಲ್ಲಿ ಶಿಕ್ಷಕಿಯೂ ವಿದ್ಯಾರ್ಥಿನಿಯರೂ ವಾಗ್ವಾದ ಮಾಡಿದುದು ಗುಟ್ಟಾಗಿ ಮುದ್ರಿತವಾಗಿ ದೇಶದ ತುಂಬ ಹರಡಿತು. ಸಹಪಾಠಿಯೊಬ್ಬಳು ತಾನು ಬೆಕ್ಕೆನ್ನುತ್ತಾಳೆಂಬುದೇ ವಾದದ ಮೂಲವೆಂದು ಪತ್ರಿಕೆಗಳು ಬರೆದವು. ಮಂತ್ರಿಗಳು ತಪಾಸಣೆಗೆ ಒತ್ತಾಯಿಸಿದರು. ತಮ್ಮಲ್ಲಿ ಬೆಕ್ಕೆಂದಾಗಲಿ ಬೇರೆ ಪ್ರಾಣಿಯೆಂದಾಗಲಿ ಹೇಳಿಕೊಳ್ಳುವ ಮಗುವೇ ಇಲ್ಲವೆಂದು ಶಾಲೆ ಸ್ಪಷ್ಟಪಡಿಸಿತು; ತಪಾಸಣೆಗೆ ಬಂದವರು ಕಳವಳಪಡುವ ಕಾರಣವನ್ನು ಕಾಣಲಿಲ್ಲ. ಇಷ್ಟಾದರೂ ಗಾಳಿಮಾತು ನಿಲ್ಲಲಿಲ್ಲ. 2024ರಲ್ಲಿ ಒಕ್ಲಹೋಮ ರಾಜ್ಯದಲ್ಲಿ ಮಂಡಿತವಾದ ಒಂದು ಮಸೂದೆಯು, ಪ್ರಾಣಿಯಂತೆ ವರ್ತಿಸುವ ವಿದ್ಯಾರ್ಥಿಯನ್ನು ತಾಯಿತಂದೆಗಳು ಬಂದು ಕರೆದೊಯ್ಯದಿದ್ದರೆ ಬೀದಿಪ್ರಾಣಿಗಳನ್ನು ಹಿಡಿಯುವ ಸಿಬ್ಬಂದಿಯನ್ನು ಕರೆಸಬೇಕೆಂದಿತು. 2025ರ ಮಾರ್ಚಿನಲ್ಲಿ ಟೆಕ್ಸಾಸಿನಲ್ಲಿಯೂ ಇಂಥ ವರ್ತನೆಯನ್ನು ನಿಷೇಧಿಸುವ ಮಸೂದೆ ಬಂದಿತು. ಎರಡೂ ಅಂಗೀಕಾರವಾಗಲಿಲ್ಲ.

ಒಕ್ಲಹೋಮದ ಮಸೂದೆಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಮಗುವು ತನ್ನನ್ನು ನಾಯಿಯೆಂದುಕೊಂಡರೆ ಅದು ಮಗುವಿನ ಕಲ್ಪನೆ. ಆ ಮಗುವಿಗಾಗಿ ನಾಯಿ ಹಿಡಿಯುವವರನ್ನು ಕರೆಯಬೇಕೆಂದು ಬರೆದವರು ಓದುಬರಹ ಬಲ್ಲ ಪ್ರೌಢರು. ಹಾಗಾದರೆ ಮಗುವನ್ನು ನಿಜವಾಗಿ ಪಶುವೆಂದು ಎಣಿಸಿದವರು ಯಾರು?

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ರಹೋಭ್ಯಾಖ್ಯಾನವನ್ನೂ ಹೇಳುತ್ತದೆ. ಸುಳ್ಳನ್ನು ಬೋಧಿಸುವುದು ಮೊದಲನೆಯದು, ಇತರರ ಗುಟ್ಟನ್ನು ಬಯಲಿಗೆಳೆಯುವುದು ಎರಡನೆಯದು. ಇಲ್ಲದ ಸಂಗತಿಯನ್ನು ಇದೆಯೆಂದು ಹರಡುವವನು ಮೊದಲನೆಯ ದೋಷಕ್ಕೆ ಗುರಿಯಾಗುತ್ತಾನೆ. ಮಗುವೊಂದು ನಂಬಿ ಹೇಳಿದ ಮಾತನ್ನು ಶಿಕ್ಷಕರ ಕೊಠಡಿಯಲ್ಲಿ ನಗೆಯ ವಿಷಯ ಮಾಡುವವನು ಎರಡನೆಯ ದೋಷಕ್ಕೆ ಗುರಿಯಾಗುತ್ತಾನೆ. ಕಿವಿಗೆ ಬಿದ್ದುದನ್ನೆಲ್ಲ ಮುಂದಿನವರಿಗೆ ದಾಟಿಸುವ ಈ ಕಾಲದಲ್ಲಿ ಈ ಎರಡು ಅತಿಚಾರಗಳನ್ನು ಶ್ರಾವಕರು ವಿಶೇಷವಾಗಿ ನೆನೆಯಬೇಕಾಗಿದೆ.

ವೇಷವೂ ಭಾವವೂ

ಪ್ರಾಣಿಯ ರೂಪ ಧರಿಸುವುದು ರಾಯಚೂರು ಸೀಮೆಗೆ ಹೊಸತೇನಲ್ಲ. ಮೊಹರಮ್ಮಿನ ದಿನಗಳಲ್ಲಿ ಈ ಭಾಗದ ಬೀದಿಗಳಲ್ಲಿ ಹುಲಿವೇಷದವರು ಹಲಗೆಯ ಸದ್ದಿಗೆ ಹೆಜ್ಜೆ ಹಾಕುತ್ತಾರೆ. ಮುದಗಲ್ಲಿನ ಮೊಹರಂ ಜಿಲ್ಲೆಯಾಚೆಗೂ ಪ್ರಸಿದ್ಧವಾಗಿದೆ. ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನರು ಹರಕೆ ಹೊರುತ್ತಾರೆ. ಕಾಯಿಲೆಯ ಮಗು ಗುಣವಾದರೆ ಹುಲಿವೇಷ ಹಾಕಿಸುವೆವೆಂದು ತಾಯಂದಿರು ಬೇಡಿಕೊಳ್ಳುತ್ತಾರೆ. ಎಳೆಯ ಬಾಲಕರ ಮೈಗೆ ಹಳದಿ ಬಳಿದು ಕರಿಯ ಪಟ್ಟೆ ಎಳೆಯುತ್ತಾರೆ. ಅಂಗಡಿಯ ಮುಂದೆ ಬಂದು ಘರ್ಜಿಸಿದ ಆ ಪುಟ್ಟ ಹುಲಿಗೆ ಜೈನ ವರ್ತಕನೂ ನಗುತ್ತ ಕಾಸು ಕೊಟ್ಟು ಕಳಿಸುತ್ತಾನೆ. ಹಬ್ಬ ಮುಗಿದ ಮೇಲೆ ಬಣ್ಣ ತೊಳೆಯುತ್ತಾರೆ. ಹುಲಿಯಾಗಿದ್ದವನು ಶಾಲೆಯ ಸಮವಸ್ತ್ರ ತೊಟ್ಟು ಹಾಜರಿ ಹೇಳುತ್ತಾನೆ. ಯಾವ ಗುರುವೂ ಅವನನ್ನು ಶಂಕಿಸುವುದಿಲ್ಲ.

ಇಲ್ಲಿ ತಿಳಿಯಬೇಕಾದುದು ಇಷ್ಟು. ವೇಷಕ್ಕೆ ಒಂದು ಆರಂಭವಿದೆ, ಒಂದು ಕೊನೆಯಿದೆ. ಅದನ್ನು ತೊಡಿಸುವ ಹಿರಿಯರ ಕೈಯಿದೆ, ತೊಳೆಯುವ ಹಿರಿಯರ ಕೈಯೂ ಇದೆ. ಮಗುವು ಹುಲಿಯಾದಾಗಲೂ ಅದು ಯಾರ ಮಗು ಎಂಬುದನ್ನು ಓಣಿಯವರೆಲ್ಲ ಬಲ್ಲರು. ಇಂದಿನ ಬಾಲಕ ಬಾಲಕಿಯರು ಕೋಣೆಯ ಬಾಗಿಲು ಮುಚ್ಚಿಕೊಂಡು ಒಂಟಿಯಾಗಿ ಧರಿಸುವ ಭಾವಕ್ಕೆ ಹಲಗೆಯೂ ಇಲ್ಲ, ಹರಕೆಯೂ ಇಲ್ಲ, ಬಣ್ಣ ತೊಳೆಯುವ ತಾಯಿಯ ಕೈಯೂ ಇಲ್ಲ. ಚಿಂತಿಸತಕ್ಕದ್ದು ಪ್ರಾಣಿಯ ರೂಪಕ್ಕಲ್ಲ, ಈ ಒಂಟಿತನಕ್ಕೆ.

ಬಹಿರಾತ್ಮನ ಭ್ರಾಂತಿ

ಈಗ ಶಾಸ್ತ್ರದೃಷ್ಟಿಯಿಂದ ವಿಚಾರಿಸಬಹುದು. ಪೂಜ್ಯಪಾದಾಚಾರ್ಯರು ಸಮಾಧಿತಂತ್ರದಲ್ಲಿ ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂಬ ಮೂರು ಅವಸ್ಥೆಗಳನ್ನು ವಿವರಿಸಿದ್ದಾರೆ. ದೇಹವನ್ನೇ ತಾನೆಂದು ತಿಳಿದವನು ಬಹಿರಾತ್ಮ. ಅವನು ಮನುಷ್ಯದೇಹದಲ್ಲಿದ್ದಾಗ ತಾನು ಮನುಷ್ಯನೆನ್ನುತ್ತಾನೆ, ಪಶುದೇಹದಲ್ಲಿದ್ದಾಗ ಪಶುವೆನ್ನುತ್ತಾನೆ, ದೇವದೇಹದಲ್ಲಿದ್ದಾಗ ದೇವನೆನ್ನುತ್ತಾನೆ. ತತ್ತ್ವತಃ ಆತ್ಮವು ಇವುಗಳಲ್ಲಿ ಯಾವುದೂ ಅಲ್ಲ, ಅದು ಜ್ಞಾನದರ್ಶನಸ್ವರೂಪವಾದುದು.

ಈ ಬೋಧೆಯನ್ನು ಅರಿತವನಿಗೆ ಮಗುವಿನ ಮಾತು ವಿಚಿತ್ರವೆನಿಸದು. ‘ನಾನು ಬೆಕ್ಕು’ ಎಂಬ ಬಾಲಕಿಯ ಭ್ರಾಂತಿಗೂ ‘ನಾನು ಇಂಥ ಮನೆತನದ ಸಾಹುಕಾರ, ಇಂಥ ಸಂಸ್ಥೆಯ ಅಧ್ಯಕ್ಷ’ ಎಂಬ ಹಿರಿಯನ ಭ್ರಾಂತಿಗೂ ಜಾತಿಯಲ್ಲಿ ಭೇದವಿಲ್ಲ. ಎರಡರಲ್ಲಿಯೂ ಪರವಸ್ತುವನ್ನು ಸ್ವವೆಂದು ತಿಳಿದ ದೋಷವೇ ಇದೆ. ಜಮಾಖರ್ಚಿನ ಮಾತಿನಲ್ಲಿ ಹೇಳುವುದಾದರೆ, ಇಬ್ಬರೂ ಪರರ ಆಸ್ತಿಯನ್ನು ತಮ್ಮ ಖಾತೆಗೆ ಬರೆದುಕೊಂಡಿದ್ದಾರೆ. ಬಾಲಕಿಯ ತಪ್ಪು ಕಣ್ಣಿಗೆ ಕಾಣುತ್ತದೆ, ಹಿರಿಯನ ತಪ್ಪಿಗೆ ಸಮಾಜ ಹಾರ ಹಾಕುತ್ತದೆ, ಅಂತರ ಇಷ್ಟೇ.

ಹಾಗೆಂದು ಮಗುವಿನ ಮಾತನ್ನು ನಿಜವೆಂದು ಒಪ್ಪಬೇಕೆ? ಒಪ್ಪಲಾಗದು. ನಿಶ್ಚಯನಯದಿಂದ ಆ ಜೀವ ಬೆಕ್ಕೂ ಅಲ್ಲ, ಮನುಷ್ಯನೂ ಅಲ್ಲ. ವ್ಯವಹಾರನಯದಿಂದ ಅದು ಮನುಷ್ಯಪರ್ಯಾಯದಲ್ಲಿದೆ, ಮನುಷ್ಯಾಯುವನ್ನು ಅನುಭವಿಸುತ್ತಿದೆ. ಎರಡು ನಯಗಳಲ್ಲಿ ಯಾವುದರಿಂದ ನೋಡಿದರೂ ಬೆಕ್ಕೆಂಬುದು ಸಲ್ಲದು. ಶಾಲೆಯು ವ್ಯವಹಾರದ ಕ್ಷೇತ್ರವಾದುದರಿಂದ ಹಾಜರಿ, ಸಮವಸ್ತ್ರ, ಪಾಠ, ಸಹಪಾಠಿಗಳೊಡನೆ ನಡೆಯುವ ರೀತಿ, ಇವು ಎಲ್ಲರಿಗೂ ಒಂದೇ ಆಗಿರಬೇಕು. ಮಗುವನ್ನು ಸಂತೋಷಪಡಿಸಲು ಗುರುವು ‘ಹೌದು, ನೀನು ಬೆಕ್ಕೇ’ ಎಂದರೆ ಅದು ಕರುಣೆಯಂತೆ ತೋರುವ ಮಿಥ್ಯೋಪದೇಶ.

ಪುನರ್ಜನ್ಮವನ್ನು ಒಪ್ಪುವ ಮನೆಗಳಲ್ಲಿ ಇನ್ನೊಂದು ಶಂಕೆ ಏಳುವುದುಂಟು. ಮಗುವು ನಿಜವಾಗಿಯೂ ಹಿಂದಿನ ಜನ್ಮದಲ್ಲಿ ಬೆಕ್ಕಾಗಿದ್ದು ಅದರ ಸಂಸ್ಕಾರ ಉಳಿದಿರಬಾರದೇಕೆ ಎಂದು ಕೆಲವರು ಕೇಳಿಯಾರು. ಅನಾದಿಸಂಸಾರದಲ್ಲಿ ಪ್ರತಿಯೊಂದು ಜೀವವೂ ಅನಂತಬಾರಿ ತಿರ್ಯಂಚಗತಿಯಲ್ಲಿ ಹುಟ್ಟಿ ಬಂದಿದೆ. ಕೇಳುವವನೂ ಬಂದಿದ್ದಾನೆ, ಹೇಳುವವನೂ ಬಂದಿದ್ದಾನೆ. ಎಲ್ಲರಿಗೂ ಸಮಾನವಾದ ಸಂಗತಿಯಿಂದ ಒಂದು ಮಗುವಿಗೆ ವಿಶೇಷವಾದ ಗುರುತು ದೊರೆಯುವುದಿಲ್ಲ. ಅಲ್ಲದೆ ಪುರಾಣಗಳಲ್ಲಿ ಬರುವ ಜಾತಿಸ್ಮರಣವು ಜೀವವನ್ನು ಮುಂದಕ್ಕೆ ಒಯ್ದಿದೆಯೇ ಹೊರತು ಹಿಂದಿನ ಜನ್ಮಕ್ಕೆ ಮರಳುವ ಆಸೆಯನ್ನು ಹುಟ್ಟಿಸಿಲ್ಲ.

ಮುನಿಗಳು ಸಿಂಹದೊಡನೆ ಆಡಿದ ಮಾತು

ದಿಗಂಬರ ಪರಂಪರೆಯ ಪುರಾಣದಲ್ಲಿ ವರ್ಧಮಾನ ಸ್ವಾಮಿಯ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿತ್ತು. ಜಿಂಕೆಯನ್ನು ಕೊಂದು ತಿನ್ನುತ್ತಿದ್ದ ಆ ಸಿಂಹದ ಬಳಿಗೆ ಚಾರಣ ಮುನಿಗಳಿಬ್ಬರು ಆಕಾಶದಿಂದ ಇಳಿದು ಬಂದರು. ಅವರು ಸಿಂಹವನ್ನು ಕಂಡು ಭಯಪಡಲಿಲ್ಲ, ಕ್ರೂರಮೃಗವೆಂದು ಜರೆಯಲಿಲ್ಲ, ಮೃಗಸ್ವಭಾವವೇ ಹೀಗೆಂದು ಬಿಟ್ಟುಹೋಗಲೂ ಇಲ್ಲ. ಒಳಗಿದ್ದ ಭವ್ಯಜೀವವನ್ನು ನೋಡಿ ಅದರೊಡನೆ ಮಾತನಾಡಿದರು; ಅದು ನಡೆದು ಬಂದ ದಾರಿಯನ್ನೂ ಮುಂದೆ ಪಡೆಯಲಿರುವ ಪದವಿಯನ್ನೂ ತಿಳಿಸಿದರು. ಸಿಂಹದ ಕಣ್ಣಿನಲ್ಲಿ ನೀರು ಬಂದಿತು. ಅದು ಹಿಂಸೆಯನ್ನು ತೊರೆದು, ಸಿಂಹದ ದೇಹದಲ್ಲಿದ್ದುಕೊಂಡೇ ವ್ರತವನ್ನು ಪಾಲಿಸಿ ದೇಹಬಿಟ್ಟಿತು.

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಮೇಘಕುಮಾರನ ವೃತ್ತಾಂತವಿದೆ. ಶ್ರೇಣಿಕ ಮಹಾರಾಜನ ಮಗನಾದ ಮೇಘನು ದೀಕ್ಷೆ ತೆಗೆದುಕೊಂಡ ಮೊದಲ ರಾತ್ರಿಯೇ, ಓಡಾಡುವ ಮುನಿಗಳ ಕಾಲು ತಾಗಿ ನಿದ್ರೆಯಿಲ್ಲದೆ ಬೇಸತ್ತು, ಬೆಳಗಾದೊಡನೆ ಮನೆಗೆ ಮರಳಬೇಕೆಂದು ನಿಶ್ಚಯಿಸಿದನು. ಭಗವಾನ್ ಮಹಾವೀರರು ಅವನನ್ನು ಹೀಯಾಳಿಸಲಿಲ್ಲ. ಹಿಂದಿನ ಜನ್ಮದಲ್ಲಿ ಅವನು ಆನೆಯಾಗಿದ್ದಾಗ, ಕಾಡುಕಿಚ್ಚಿಗೆ ಹೆದರಿ ತನ್ನ ಕಾಲಡಿಗೆ ಬಂದು ಕುಳಿತ ಮೊಲವನ್ನು ಉಳಿಸಲು ಎರಡೂವರೆ ದಿನ ಕಾಲನ್ನು ಎತ್ತಿಕೊಂಡೇ ನಿಂತಿದ್ದುದನ್ನು ನೆನಪಿಸಿದರು. ಆನೆಯಾಗಿ ಅಷ್ಟನ್ನು ಸಹಿಸಿದವನು ಮನುಷ್ಯನಾಗಿ ಇಷ್ಟನ್ನು ಸಹಿಸಲಾರನೆ? ಮೇಘನ ಮನಸ್ಸು ಸ್ಥಿರವಾಯಿತು.

ಈ ಎರಡು ಕಥೆಗಳಲ್ಲಿ ಶಿಕ್ಷಕನ ಧರ್ಮ ಪೂರ್ಣವಾಗಿ ಅಡಗಿದೆ. ಮುನಿಗಳು ಸಿಂಹಕ್ಕೆ ಸಿಂಹದೇಹದಲ್ಲಿ ಸಾಧ್ಯವಾದ ಧರ್ಮವನ್ನು ಹೇಳಿದರು. ಮಹಾವೀರರು ಮೇಘನಿಗೆ ಆನೆಯನ್ನು ನೆನಪಿಸಿದುದು ಅವನ ಮನುಷ್ಯತ್ವವನ್ನು ಗಟ್ಟಿಗೊಳಿಸಲು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚವು ಐದನೆಯ ಗುಣಸ್ಥಾನದವರೆಗೆ ಏರಬಲ್ಲುದು. ಅದಕ್ಕೆ ಮೇಲಿನ ದಾರಿ ಮನುಷ್ಯನಿಗೆ ಮಾತ್ರ ತೆರೆದಿದೆ. ಆದ್ದರಿಂದ ಪ್ರಾಣಿಗಳನ್ನು ಪ್ರೀತಿಸುವ ಮಗುವಿಗೆ, ‘ನೀನು ಪ್ರಾಣಿಯಲ್ಲ, ಸುಮ್ಮನಿರು’ ಎನ್ನುವುದಕ್ಕಿಂತ ‘ಪ್ರಾಣಿಗೆ ಆಗದ ಉಪಕಾರವನ್ನು ಪ್ರಾಣಿಗಾಗಿ ನೀನು ಮಾಡಬಲ್ಲೆ’ ಎಂದು ತಿಳಿಸುವುದು ಶ್ರೇಷ್ಠ. ತೀರ್ಥಂಕರರ ಲಾಂಛನಗಳಲ್ಲಿ ಬಹುಪಾಲು ಪ್ರಾಣಿಗಳೇ ಆಗಿವೆ. ವೃಷಭವೂ ಆನೆಯೂ ಆಮೆಯೂ ಸಿಂಹವೂ ಜಿನಪೀಠದ ಮೇಲೆ ಸ್ಥಾನ ಪಡೆದಿರುವ ಧರ್ಮದಲ್ಲಿ ಹುಟ್ಟಿದ ಮಗುವಿಗೆ ಪ್ರಾಣಿಪ್ರೀತಿಯನ್ನು ತೋರಲು ಮನುಷ್ಯತ್ವವನ್ನು ಬಿಡಬೇಕಾಗಿಲ್ಲ.

ಮಗುವನ್ನು ಪಶುವೆಂದು ಕರೆಯುವವರು

ಇಷ್ಟು ಹೇಳಿದ ಮೇಲೆ ಸಮೀಪದ ಸಂಗತಿಗೆ ಬರಬೇಕು. ದೂರದ ದೇಶಗಳಲ್ಲಿ ಮಗು ತನ್ನನ್ನು ಪ್ರಾಣಿಯೆಂದುಕೊಂಡರೆ ಕೋಲಾಹಲವಾಗುತ್ತದೆ. ಈ ನಾಡಿನಲ್ಲಿ ಮಗುವಿಗೆ ಆ ಶ್ರಮವನ್ನು ಹಿರಿಯರು ಕೊಡುವುದಿಲ್ಲ; ತಾವೇ ಆ ಹೆಸರನ್ನು ಇಟ್ಟುಬಿಡುತ್ತಾರೆ. ಲೆಕ್ಕ ತಪ್ಪಿದವನು ಕತ್ತೆ. ನಿಧಾನವಾಗಿ ಬರೆಯುವವಳು ಎಮ್ಮೆ. ದಪ್ಪಗಿರುವವನು ಕೋಣ. ಒಂದೆಡೆ ಕೂಡದವನು ಕೋತಿ. ತರಗತಿಯಲ್ಲಿ ಈ ಮಾತುಗಳನ್ನು ಕೇಳದೆ ಓದು ಮುಗಿಸಿದವರು ಎಷ್ಟು ಮಂದಿ ಇದ್ದಾರು? ಕಿವಿ ಹಿಡಿಸಿ, ಬೆನ್ನು ಬಾಗಿಸಿ, ಮಗುವನ್ನು ಕೋಳಿಯಂತೆ ನಿಲ್ಲಿಸುವ ಶಿಕ್ಷೆಯನ್ನು ಅನುಭವಿಸಿದ ತಂದೆಯರು ಇಂದಿಗೂ ಅದನ್ನು ನಗುತ್ತ ಹೇಳುತ್ತಾರೆ. ಆ ನಗೆಯ ಕೆಳಗಿರುವ ನೋವನ್ನು ಅವರೂ ಮರೆತಿದ್ದಾರೆ.

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಕನ್ನಡದ ಜೈನರು ಬಲ್ಲರು. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ಅವರು ನವಿಲು, ನಾಯಿ ಮೊದಲಾದ ತಿರ್ಯಂಚಜನ್ಮಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಯನ್ನು ಕೊಯ್ದುದಕ್ಕೆ ಇಷ್ಟು ಫಲವಾದರೆ, ಜೀವವಿರುವ ಮಗುವನ್ನು ಕೋಳಿ ಮಾಡಿ ನಲವತ್ತು ಮಂದಿಯ ಎದುರು ಅದರ ಮಾನವನ್ನು ಕೊಯ್ಯುವ ಸಂಕಲ್ಪಕ್ಕೆ ಫಲವಿಲ್ಲವೆ? ‘ಬರಿಯ ಮಾತು, ಅದರಲ್ಲೇನಿದೆ’ ಎನ್ನುವವರಿಗೆ ಜನ್ನನ ಕಾವ್ಯ ಎಂಟುನೂರು ವರ್ಷಗಳಿಂದ ಉತ್ತರ ಹೇಳುತ್ತಿದೆ. ದ್ರವ್ಯಹಿಂಸೆಗೆ ಮೊದಲು ಭಾವಹಿಂಸೆ ನಡೆದಿರುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವುಗಳನ್ನು ಶ್ರಾವಕರು ಸಾಮಾನ್ಯವಾಗಿ ಎತ್ತು ಎಮ್ಮೆಗಳಿಗೆ ಸಂಬಂಧಿಸಿ ಓದುತ್ತಾರೆ. ಒಮ್ಮೆ ಶಾಲೆಗೆ ಸಂಬಂಧಿಸಿ ಓದಿ ನೋಡಬೇಕು. ಬಿಡುವಿನ ವೇಳೆಯಲ್ಲಿ ಕೊಠಡಿಯಲ್ಲಿ ಕೂಡಿಹಾಕುವುದು ಬಂಧ. ಬೆತ್ತದ ಏಟು ವಧ. ಇಲ್ಲಿ ಆ ಶಬ್ದಕ್ಕೆ ಹೊಡೆತವೆಂದೇ ಅರ್ಥ. ಪಾಠ ಒಪ್ಪಿಸುವತನಕ ಬುತ್ತಿ ಬಿಚ್ಚಗೊಡದಿರುವುದು ಅನ್ನಪಾನನಿರೋಧ. ಮಗುವಿನ ಬೆನ್ನಿನ ಚೀಲ ಅತಿಭಾರಾರೋಪಣ. ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಮೀರಿದ ಶಿಲೆಯೊಂದಿದೆ. ಅಂಥ ಬಂಡೆಯನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ನೋಡಿದವರು ಮೂಕಪ್ರಾಣಿಗಳ ಶ್ರಮಕ್ಕೆ ಮರುಗುತ್ತಾರೆ. ಕೋಟೆಯ ಪಕ್ಕದ ದಾರಿಯಲ್ಲಿ ಬೆನ್ನು ಬಾಗಿಸಿ ನಡೆಯುವ ಎಂಟು ವರ್ಷದ ಮಗುವಿಗೆ ಮರುಗುವವರು ಕಡಿಮೆ. ಚೀಲದ ತೂಕ ಮಗುವಿನ ದೇಹತೂಕದ ಶೇಕಡಾ 10ನ್ನು ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶಿಸಿದೆ. ಗೋಣಿಚೀಲದ ತೂಕವನ್ನು ಗುಂಜಿಯ ಲೆಕ್ಕಕ್ಕೆ ತೂಗುವ ವರ್ತಕನು ಮಗನ ಚೀಲವನ್ನು ಒಂದು ದಿನ ತಕ್ಕಡಿಗೆ ಇಟ್ಟು ನೋಡಲಿ.

ಮಾರವಾಡದಿಂದಲೂ ಗುಜರಾತಿನಿಂದಲೂ ಬಂದು ನೆಲೆಸಿದ ಮನೆಗಳಿರಲಿ, ಕನ್ನಡನಾಡಿನ ಹಳೆಯ ಮನೆಗಳಿರಲಿ, ಜೀವದಯೆಗೆ ದಾನ ಕೊಡುವುದರಲ್ಲಿ ಜೈನರು ಹಿಂದೆ ಬಿದ್ದವರಲ್ಲ. ಗೋಶಾಲೆಗೆ ಮೇವು ಹೋಗುತ್ತದೆ, ಹಕ್ಕಿಗಳಿಗೆ ಜೋಳ ಬೀಳುತ್ತದೆ. ದೆಹಲಿಯ ಲಾಲ್ ಮಂದಿರದಲ್ಲಿ ಹಕ್ಕಿಗಳಿಗೆಂದೇ ಆಸ್ಪತ್ರೆಯಿದೆ. ಇದು ಹೆಮ್ಮೆಯ ವಿಷಯ. ಆದರೆ ಕತ್ತೆಗೂ ನೋವಾಗಬಾರದೆನ್ನುವ ಧರ್ಮದಲ್ಲಿ ಹುಟ್ಟಿದವನು ‘ಕತ್ತೆ’ ಎಂಬ ಶಬ್ದವನ್ನೇ ಬೈಗುಳ ಮಾಡಿಕೊಂಡು ಮಗುವಿನ ಮೇಲೆ ಎಸೆದರೆ, ಒಂದೇ ಮಾತಿನಿಂದ ಎರಡು ಜೀವಗಳಿಗೆ ಅವಮಾನ ಮಾಡಿದಂತಾಯಿತು.

ಬೆಕ್ಕಾಗಬಯಸುವ ಮಗುವಿನ ಮನಸ್ಸನ್ನು ಇಲ್ಲಿಂದ ನೋಡಿದರೆ ಸ್ವಲ್ಪ ಅರ್ಥವಾಗಬಹುದು. ಬೆಕ್ಕಿಗೆ ಯಾರೂ ಅಂಕ ಕೇಳುವುದಿಲ್ಲ. ಪಕ್ಕದ ಮನೆಯ ಬೆಕ್ಕಿನೊಡನೆ ಹೋಲಿಸಿ ಹೀಯಾಳಿಸುವುದಿಲ್ಲ. ಅದು ಸುಮ್ಮನೆ ಬಂದು ಮಡಿಲಲ್ಲಿ ಮಲಗಿದರೆ ತಲೆ ಸವರುತ್ತಾರೆ. ಹದಿಮೂರು ವರ್ಷದ ಮಗುವಿನ ತಲೆಯನ್ನು ಸವರಿ ಎಷ್ಟು ದಿನವಾಯಿತೆಂದು ತಾಯಿತಂದೆಗಳು ತಮ್ಮನ್ನೇ ಕೇಳಿಕೊಳ್ಳಬೇಕು. ದುರ್ಲಭವೆಂದು ದಿನವೂ ಪ್ರವಚನದಲ್ಲಿ ಕೇಳುವ ಮನುಷ್ಯಜನ್ಮವು ಮಗುವಿಗೆ ಬೇಡವೆನಿಸಿದರೆ, ಆ ಜನ್ಮವನ್ನು ಬೇಡವೆನಿಸುವಂತೆ ಮಾಡಿದವರಾರು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಶಾಲೆ ಮತ್ತು ಟ್ರಸ್ಟುಗಳ ಕರ್ತವ್ಯ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಇಲ್ಲಿ ದಾರಿದೀಪವಾಗುತ್ತವೆ.

ಉಪಗೂಹನವೆಂದರೆ ಅಶಕ್ತರ, ಅಜ್ಞಾನಿಗಳ ದೋಷವನ್ನು ಮುಚ್ಚುವುದು. ಈ ಅಂಗಕ್ಕೆ ಜಿನೇಂದ್ರಭಕ್ತನೆಂಬ ಶ್ರೇಷ್ಠಿ ಉದಾಹರಣೆ. ವ್ರತಿಯ ವೇಷ ಧರಿಸಿ ಬಂದ ಕಳ್ಳನು ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ಶ್ರೇಷ್ಠಿಯು ಜನರೆದುರು ಅವನ ಮಾನ ಕಳೆಯದೆ, ಆಮೇಲೆ ಏಕಾಂತದಲ್ಲಿ ತಿದ್ದಿದನು. ಕಳ್ಳನಿಗೇ ಇಷ್ಟು ಸಲ್ಲುವುದಾದರೆ ಯಾರ ಸೊತ್ತನ್ನೂ ಕದಿಯದ ಮಗುವಿಗೆ ಎಷ್ಟು ಸಲ್ಲಬೇಕು? ತರಗತಿಯಲ್ಲಿ ಎಲ್ಲರೆದುರು ವಿಚಾರಣೆ ನಡೆಸಬಾರದು. ಸಹಪಾಠಿಗಳು ಅಣಕಿಸಿದರೆ ಅದನ್ನು ತಡೆಯುವುದು ಗುರುವಿನ ಮೊದಲ ಕೆಲಸ. ಮುಖ ಸೊಟ್ಟ ಮಾಡಿ, ಮೈ ಕುಣಿಸಿ ಹಾಸ್ಯ ಮಾಡುವ ಕೌತ್ಕುಚ್ಯವನ್ನು ಶಾಸ್ತ್ರವು ಅನರ್ಥದಂಡವ್ರತದ ಅತಿಚಾರವೆಂದಿದೆ. ಇದನ್ನು ಮಕ್ಕಳಿಗೂ ತಿಳಿಹೇಳಬೇಕು.

ಸ್ಥಿತಿಕರಣವೆಂದರೆ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಆಟವನ್ನು ಆಟವೆಂದು ಬಿಡಬೇಕು. ಭಾವವು ಆಳವಾಗಿದ್ದರೆ ಒಬ್ಬ ಗುರು, ಒಂದೇ ದನಿಯಲ್ಲಿ, ಪದೇ ಪದೇ ಮಗುವಿನ ಮಾತು ಕೇಳಬೇಕು. ಮನೆಯಲ್ಲಿ ಹೊಡೆತವಿದೆಯೆ, ಗೆಳೆಯರಿಲ್ಲವೆ, ನಿದ್ರೆ ಊಟ ಸರಿಯಿದೆಯೆ ಎಂದು ವಿಚಾರಿಸಬೇಕು. ನಿಯಮವನ್ನು ಸಡಿಲಿಸಬೇಕಾಗಿಲ್ಲ, ಸ್ವರವನ್ನು ಸಡಿಲಿಸಿದರೆ ಸಾಕು. ಮಗು ತನ್ನ ದೇಹವೇ ಬದಲಾಗಿದೆಯೆಂದು ನಂಬಿದರೆ, ತನಗೆ ನೋವು ಮಾಡಿಕೊಂಡರೆ, ಊಟ ಬಿಟ್ಟರೆ ವೈದ್ಯರ ಬಳಿಗೆ ಒಯ್ಯಲು ಸಂಕೋಚಪಡಬಾರದು. ಇದಕ್ಕಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಳ್ಳಿಯಿಂದಲೂ ಕರೆಯಬಹುದು. ಜ್ವರಕ್ಕೆ ಔಷಧ ಕೊಡಿಸುವವರು ಮನಸ್ಸಿನ ಬೇನೆಯನ್ನು ಮನೆತನದ ಕಳಂಕವೆಂದು ಬಚ್ಚಿಡುವುದು ಉಪಗೂಹನವಲ್ಲ; ಅದು ಮಗುವಿನ ವಿಷಯದಲ್ಲಿ ಮಾಡುವ ಪ್ರಮಾದ.

ವಾತ್ಸಲ್ಯವನ್ನು ಆಚಾರ್ಯರು ಹಸು ಕರುವಿನ ಪ್ರೀತಿಗೆ ಹೋಲಿಸುವುದುಂಟು. ಮನುಷ್ಯನು ಮನುಷ್ಯನನ್ನು ಹೇಗೆ ಪ್ರೀತಿಸಬೇಕೆಂಬುದಕ್ಕೆ ಶಾಸ್ತ್ರವೇ ಒಂದು ಪ್ರಾಣಿಯನ್ನು ಆದರ್ಶವಾಗಿ ಇಟ್ಟಿದೆ ಎಂಬುದು ಗಮನಾರ್ಹ. ಪ್ರಾಣಿಪ್ರೀತಿಯ ಮಕ್ಕಳನ್ನು ಗೋಶಾಲೆಗೆ ಕರೆದೊಯ್ದು ಮೇವು ಹಾಕಿಸಲಿ; ಬೇಸಗೆಯಲ್ಲಿ ರಾಯಚೂರಿನ ಬಿಸಿಲಿಗೆ ಬಾಯಾರಿದ ಹಕ್ಕಿಗಳಿಗೆ ಶಾಲೆಯ ಅಂಗಳದಲ್ಲಿ ನೀರಿನ ಮಡಕೆ ಇಡುವ ಹೊಣೆಯನ್ನು ಅವರಿಗೇ ಒಪ್ಪಿಸಲಿ. ಕೆಲಸ ಕೊಟ್ಟ ಕೈಯೇ ಒಂಟಿತನವನ್ನು ತೊಳೆಯುತ್ತದೆ.

ಟ್ರಸ್ಟುಗಳು ತಮ್ಮ ಶಾಲೆಗಳಲ್ಲಿ ಒಂದು ನಿಯಮವನ್ನು ಈ ವರ್ಷವೇ ತರಬಹುದು: ಯಾವ ಶಿಕ್ಷಕನೂ ಯಾವ ಮಗುವನ್ನೂ ಪ್ರಾಣಿಯ ಹೆಸರಿನಿಂದ ಕರೆಯತಕ್ಕದ್ದಲ್ಲ, ಪ್ರಾಣಿಯ ಭಂಗಿಯಲ್ಲಿ ನಿಲ್ಲಿಸತಕ್ಕದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಈಗಾಗಲೇ ನಿಷೇಧಿಸಿದೆ. ಆದರೆ ಕಾಯ್ದೆಯ ಭಯದಿಂದ ಮಾಡುವುದಕ್ಕೂ ವ್ರತದ ಭಾವದಿಂದ ಮಾಡುವುದಕ್ಕೂ ಅಂತರವಿದೆ. ಖರ್ಚಿಲ್ಲದ ಈ ನಿಯಮಕ್ಕೆ ದಾನಿಗಳ ಫಲಕ ಬೇಕಾಗಿಲ್ಲ.

ಪರ್ಯುಷಣದ ಕೊನೆಯಲ್ಲಿ, ದಶಲಕ್ಷಣದ ಬಳಿಕ ಬರುವ ಕ್ಷಮಾವಣಿಯಲ್ಲಿ, ಶ್ರಾವಕರು ಎಂಬತ್ತನಾಲ್ಕು ಲಕ್ಷ ಯೋನಿಗಳ ಜೀವಗಳೆಲ್ಲವನ್ನೂ ಕ್ಷಮೆ ಬೇಡುತ್ತಾರೆ. ಊರೂರಿನ ನೆಂಟರಿಗೆ, ವ್ಯಾಪಾರದ ಮಿತ್ರರಿಗೆ ಕ್ಷಮಾಪತ್ರಗಳು ಹೋಗುತ್ತವೆ. ಆ ಲೆಕ್ಕದಲ್ಲಿ ಒಳಮನೆಯಲ್ಲಿ ಪುಸ್ತಕದ ಮುಂದೆ ಕುಳಿತ ಒಂದು ಜೀವ ಬಿಟ್ಟುಹೋಗುತ್ತಿದೆ. ಮುಂದಿನ ಕ್ಷಮಾವಣಿಯಂದು ತಂದೆಯಾದವನು ಮೊದಲು ಆ ಮಗುವಿನ ಎದುರು ಕೈಮುಗಿದು, ‘ನಿನ್ನನ್ನು ಕತ್ತೆಯೆಂದೆ, ಕ್ಷಮಿಸು’ ಎನ್ನಲಿ. ಹಾಗೆ ಕ್ಷಮೆ ಕೇಳಿಸಿಕೊಂಡ ಮಗುವಿಗೆ ಮನುಷ್ಯಜನ್ಮವು ಏಕೆ ದುರ್ಲಭವೆಂಬುದನ್ನು ಬೇರೆ ಬೋಧಿಸಬೇಕಾಗಿಲ್ಲ.